ಅದಲುಬದಲಾದ ಎರಡು ಚಿತ್ರಗಳು

ಇಪ್ಪತ್ತೆರಡು ವರ್ಷದಿಂದ ಈ ಲೈಬ್ರರಿಯ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಹಾಕುತ್ತಿರುವವಳು ನಾನು. ನನ್ನ ಕೈ ದಾಟಿ ಹೋದ ಪುಸ್ತಕದಲ್ಲಿ ಒಂದು ಹಾಳೆ ಹಿಂದುಮುಂದಾಗಿದೆ ಎಂದು ತೋರಿಸಿದವರಿಲ್ಲ. ಜಂಬ ಅನ್ನಿ, ಪರವಾಗಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳುತ್ತಿದ್ದೇನೆ.

ಗಿಡಮರ, ಕಾಡುಪ್ರಾಣಿಗಳ ಬಗ್ಗೆ ಎಲ್ಲರೂ ಓದಲೇಬೇಕಾದ ಹತ್ತು ಪುಸ್ತಕಗಳ ಪಟ್ಟಿ ಮಾಡೋಣವೆಂದು ನಮ್ಮ ಮುಖ್ಯಸ್ಥರು ಒಂದು ಭಾನುವಾರ ಓದುಗರನ್ನು ಕರೆದರು. ನನ್ನ ತಂಗಿಯೂ ಬಂದಳು. ಅವಳು ನರ್ಸರಿಯಲ್ಲಿ ಸಸಿ ಮಾರುವವಳು. ಏಳನೇ ತರಗತಿಗೇ ಶಾಲೆ ಬಿಟ್ಟರೂ ನಮ್ಮಲ್ಲಿರುವ ಗಿಡಗಳ ಪುಸ್ತಕಗಳನ್ನೆಲ್ಲ ಅರೆದು ಕುಡಿದಿದ್ದಾಳೆ.

ಮೊದಲ ಸ್ಥಾನ ಗಿಡಗಳ ಒಂದು ದಪ್ಪ ವಿಶ್ವಕೋಶಕ್ಕೆ ಎಂದು ಆಗಲೇ ತೀರ್ಮಾನವಾಗಿತ್ತು. ಅದರಲ್ಲಿ ಒಂದೊಂದು ಬಣ್ಣದ ಚಿತ್ರವನ್ನೂ ಬೇರೆ ಹಾಳೆಯಲ್ಲಿ ಅಚ್ಚು ಹಾಕಿ ಪುಟಕ್ಕೆ ಅಂಟಿಸಿದ್ದಾರೆ. ಬಿಚ್ಚಿಹೋಗಿ ವರ್ಷಗಟ್ಟಲೆ ಮೂಲೆಗೆ ಬಿದ್ದಿದ್ದನ್ನು ಈ ಪಟ್ಟಿಗೆಂದೇ ನಾನು ಹೊಸದಾಗಿ ಕಟ್ಟಿದ್ದೆ. ತಂಗಿ ಅದನ್ನು ತಿರುವಿಹಾಕಿ ಎದ್ದು ನಿಂತಳು.

"ಸಾರ್, ಇದನ್ನ ಹೀಗೇ ಜನ ಓದೋಕೆ ಇಡಬೇಡಿ. ತಿನ್ನೋ ಸೊಪ್ಪು ಅಂತ ಬರೆದಿರೋ ಕಡೆ ವಿಷದ ಗಿಡದ ಚಿತ್ರ ಇದೆ. ಯಾರಾದ್ರೂ ನಂಬಿ ಕಿತ್ಕೊಂಡು ತಿಂದ್ರೆ ಏನು ಗತಿ?"

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು ನಕ್ಕರು. "ಬರೆದೋರಿಗಿಂತ ನಿಂಗೇ ಜಾಸ್ತಿ ಗೊತ್ತಾ? ಗಿಡಕ್ಕೆ ನೀರು ಹಾಕೋದು ಬೇರೆ, ಇದು ಬೇರೆ ಕಣಮ್ಮ."

ನಾಲ್ಕು ಜನ ಕಿಸಕ್ಕೆಂದರು. ನನಗೆ ಮೈ ಉರಿಯಿತು. ತಂಗಿ ಮಾತ್ರ ಜಗ್ಗಲಿಲ್ಲ. "ಕಾಂಡದ ಮೇಲೆ ರೋಮ ಇರುತ್ತೆ ಅಂತ ಕೆಳಗೆ ಅವರೇ ಬರೆದಿದ್ದಾರಲ್ಲ ಸಾರ್. ಚಿತ್ರದಲ್ಲಿ ನೋಡಿ, ನುಣ್ಣಗಿದೆ. ಮೇಲೆ ನೇರಳೆ ಮಚ್ಚೆ ಬೇರೆ."

"ಅಚ್ಚಿನಲ್ಲಿ ಬಣ್ಣ ಹೆಚ್ಚುಕಮ್ಮಿ ಆಗಿರುತ್ತೆ ಬಿಡು."

ಆಗ ನನಗೆ ನೆನಪಾಯಿತು. ಅಂಟಿಸುವ ದಿನ ಫ್ಯಾನಿನ ಗಾಳಿಗೆ ಎರಡು ಚಿತ್ರ ಹಾರಿ ಮೇಜಿನಡಿ ಬಿದ್ದಿದ್ದವು. ನೋಡಲು ಅವಳಿಜವಳಿ. ಹಿಂಬದಿಯ ನಂಬರು ನೋಡದೆ ಅಂಟಿಸಿಬಿಟ್ಟಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ತಂಗಿ ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಿದ್ದಳು. ಸುಳ್ಳೇಕೆ, ಒಂದು ಗಳಿಗೆ ಸುಮ್ಮನಿದ್ದೆ ಕೂಡ.

ಆಮೇಲೆ ಎದ್ದೆ. "ಅವಳು ಹೇಳಿದ್ದೇ ಸರಿ. ತಪ್ಪು ನನ್ನದು" ಎಂದು ಒದ್ದೆ ಬಟ್ಟೆ ಒತ್ತಿ, ಚೂರಿಯ ತುದಿಯಿಂದ ಚಿತ್ರವನ್ನು ಮೆಲ್ಲಗೆ ಎಬ್ಬಿಸಿದೆ. ಪುಟದಲ್ಲಿ ಅಚ್ಚಾಗಿದ್ದ ಚಿತ್ರದ ನಂಬರು ನಲವತ್ತು. ಚಿತ್ರದ ಬೆನ್ನ ಮೇಲೆ ನಲವತ್ತೊಂದು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿದರು. "ನಡೆಯೋರು ಎಡವದೆ ಕೂತೋರು ಎಡವ್ತಾರಾ, ಬಿಡಮ್ಮ" ಎಂದು ನನಗೆ ಹೇಳಿ, ತಮ್ಮ ಕುರ್ಚಿಯನ್ನೇ ತಂಗಿಯ ಕಡೆಗೆ ಸರಿಸಿದರು. "ನಕ್ಕಿದ್ದು ನನ್ನ ತಪ್ಪು. ಕೂತ್ಕೊಳ್ಳಿ. ಉಳಿದ ಒಂಬತ್ತನ್ನೂ ನೀವೇ ನೋಡಿ ಹೇಳಿ."

ಕೂತಳು ನೋಡಿ, ನ್ಯಾಯಾಧೀಶರ ಹಾಗೆ! "ಇರುವೆಗಳದ್ದು ಇರಲಿ. ಬೇರುಗಳದ್ದು ಮೇಲಕ್ಕೆ ಬರಲಿ. ಈ ಹುಲಿ ಪುಸ್ತಕ ಬೇಡ ಸಾರ್, ಇದರಲ್ಲಿ ಹುಲಿಗಿಂತ ಬೇಟೆಗಾರನ ಮೀಸೇನೇ ಜಾಸ್ತಿ." ಎಲ್ಲರೂ ನಕ್ಕರು. ಈ ಸಲ ಅವಳ ಜೊತೆ ನಕ್ಕರು. ಹೆಮ್ಮೆಗೆ ನನ್ನ ಕಣ್ಣು ತುಂಬಿತು.

ದಾರಿಯಲ್ಲಿ ಅವಳು ಕೇಳಿದಳು. "ಅಷ್ಟು ಜನರ ಮುಂದೆ ಯಾಕಕ್ಕಾ ಒಪ್ಕೊಂಡೆ? ಆಮೇಲೆ ನಿಮ್ಮ ಲೈಬ್ರರಿ ಸಾರ್ ಒಬ್ಬರಿಗೇ ಹೇಳಬಹುದಿತ್ತಲ್ಲ?"

"ಹುಚ್ಚಿ, ಆಮೇಲೆ ಹೇಳಿದ್ರೆ ನೀನು ಗೆದ್ದಿದ್ದನ್ನ ಯಾರೇ ನೋಡ್ತಿದ್ರು?" ಎಂದೆ.