ನೆಲ ಮುಟ್ಟದ ಕಾಲು

ನಾನು ಇನ್ನೂರೈವತ್ತು ತುಂಡುಗಳ ಒಂದು ಪಝಲ್. ಹಾಗೆ ನೋಡಿದರೆ ನನಗೆ ಎರಡು ಜನ್ಮ. ಬಹಳ ಹಿಂದೆ ಯಾರೋ ಪುಣ್ಯಾತ್ಮ ಬ್ಯಾಲೆ ನರ್ತಕಿಯೊಬ್ಬಳ ಚಿತ್ರವನ್ನು ಕಲ್ಲಚ್ಚಿನಲ್ಲಿ ತೆಗೆದು ಕೈಯಿಂದ ಬಣ್ಣ ತುಂಬಿದ. ಅದು ಮೊದಲನೆಯದು. ನೂರು ಚಿಲ್ಲರೆ ವರ್ಷಗಳ ಮೇಲೆ ಲಂಡನ್ನಿನಲ್ಲಿ ಆ ಚಿತ್ರವನ್ನು ಮತ್ತೆ ಅಚ್ಚು ಹಾಕಿ, ದಪ್ಪ ರಟ್ಟಿಗೆ ಅಂಟಿಸಿ, ಯಂತ್ರದ ಬಾಯಿಗೆ ಕೊಟ್ಟರು. ಒಂದೇ ಏಟಿಗೆ ಚೂರುಚೂರಾದೆ. ಹುಟ್ಟುವಾಗಲೇ ಮುರಿದುಕೊಂಡು ಹುಟ್ಟುವ ಕುಲ ನಮ್ಮದು.

ನನ್ನ ನರ್ತಕಿ ಬೆಳದಿಂಗಳಲ್ಲಿ ಕೊಳದ ದಡದ ಮೇಲಿದ್ದಾಳೆ. ಬಿಳಿಯ ಲಂಗ, ಬೆನ್ನಿಗೆ ಪುಟ್ಟ ರೆಕ್ಕೆ. ಅವಳ ಹೆಬ್ಬೆರಳಿಗೂ ನೆಲಕ್ಕೂ ನಡುವೆ ಒಂದೆಳೆ ಬೆಳಕು. ಅವಳು ಅಷ್ಟು ಹಗುರ ಎಂದು ಹೊಗಳುವುದಕ್ಕೆ ಚಿತ್ರಕಾರ ಹಾಗೆ ಬರೆದಿದ್ದ. ಮೈಸೂರಿಗೆ ಬಂದ ಮೇಲೆ ಅದಕ್ಕೆ ಬೇರೆಯೇ ಅರ್ಥ ಹುಟ್ಟಿತು.

ಮುದ್ರಣದ ತರಬೇತಿಗೆಂದು ಲಂಡನ್ನಿಗೆ ಹೋಗಿದ್ದ ಶ್ರೀಕಂಠ ನನ್ನನ್ನು ತಂದದ್ದು ಅಕ್ಕನ ಮಗಳು ಚಾರುಮತಿಗೆ. ಹದಿಮೂರು ವರ್ಷದ ಹುಡುಗಿ, ಭರತನಾಟ್ಯ ಕಲಿಯುತ್ತಿದ್ದಳು. ಕೀಲುಜ್ವರ ಬಂದು ಹೃದಯಕ್ಕೆ ತಗುಲಿತ್ತು. ಕುಣಿಯುವುದಿರಲಿ, ಹಾಸಿಗೆ ಬಿಟ್ಟು ಏಳಲೂ ಕೂಡದೆಂದು ಡಾಕ್ಟರು ಹೇಳಿದ್ದರು. ಅವಳ ತೊಡೆಯ ಮೇಲೊಂದು ಮಣೆ, ಮಣೆಯ ಮೇಲೆ ನಾನು. ಬೆಳಗಿನಿಂದ ಸಂಜೆಯೊಳಗೆ ನನ್ನನ್ನು ಪೂರ್ತಿ ಮಾಡಿಬಿಡುತ್ತಿದ್ದಳು.

ಆ ಮನೆಯ ಯಜಮಾನಿಕೆ ಅಜ್ಜಿ ತುಂಗಮ್ಮನದು. ನನ್ನನ್ನು ಮೊದಲ ಸಲ ಪೂರ್ತಿಯಾಗಿ ಕಂಡ ದಿನ ಆಕೆ ಕನ್ನಡಕ ಏರಿಸಿಕೊಂಡು ನೋಡಿದರು. ಮುಖ ಸಪ್ಪಗಾಯಿತು.

"ಕಾಲು ನೆಲಕ್ಕೆ ತಾಗ್ತಾ ಇಲ್ಲ ಕಣೆ. ಇವಳು ಮನುಷ್ಯಳಲ್ಲ. ಮುಸ್ಸಂಜೆ ಹೊತ್ನಲ್ಲಿ ಇವಳನ್ನ ಪೂರ್ತಿಯಾಗಿ ಮನೇಲಿ ಇಟ್ಕೋಬಾರದು."

ಅಂದಿನಿಂದ ಅದೇ ಪದ್ಧತಿಯಾಯಿತು. ದೀಪ ಹಚ್ಚುವ ಮೊದಲು ಆಕೆ ಬಂದು ಆ ಪಾದದ ತುಂಡನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವರು. ಬೆಳಿಗ್ಗೆ ಸ್ನಾನವಾದ ಮೇಲೆ ವಾಪಸು. ಕಾಲಿಲ್ಲದವಳು ಎಲ್ಲಿ ನಡೆದಾಳು ಎಂಬ ಲೆಕ್ಕ. ನನಗೆ ಒಳಗೊಳಗೇ ನಗು. ಬಣ್ಣದ ರಟ್ಟಿಗೆ ಹೆದರುವುದೆಂದರೆ ಹಗ್ಗ ನೋಡಿ ಹಾವೆಂದ ಹಾಗೆ.

ಚಾರುಮತಿ ನಗಲಿಲ್ಲ. ತನ್ನಷ್ಟಕ್ಕೆ ಒಂದು ಪಣ ಕಟ್ಟಿಕೊಂಡಿದ್ದಳು. ನರ್ತಕಿ ಒಂದು ರಾತ್ರಿ ಕಳೆದು ಬೆಳಗಾಗುವವರೆಗೆ ಪೂರ್ತಿಯಾಗಿ ಉಳಿದರೆ ತಾನು ಮತ್ತೆ ಕುಣಿಯುತ್ತೇನೆ ಎಂದು.

"ಒಂದೇ ಒಂದು ದಿನ ಬಿಡಜ್ಜಿ," ಎಂದು ದಿನವೂ ಬೇಡುತ್ತಿದ್ದಳು.

"ಹುಷಾರಾಗು, ಆಮೇಲೆ ನೋಡೋಣ," ಎನ್ನುತ್ತಿದ್ದರು ಅಜ್ಜಿ. ಮೊಮ್ಮಗಳನ್ನು ಕಾಯುತ್ತಿದ್ದೇನೆಂದೇ ಆಕೆ ನಂಬಿದ್ದರು. ಮುದುಕಿಯ ಪ್ರೀತಿಯಲ್ಲಿ ಕಳಂಕವಿರಲಿಲ್ಲ, ಅದನ್ನು ನಾನು ಹೇಳಲೇಬೇಕು.

ಆಷಾಢದ ಒಂದು ಬೆಳಿಗ್ಗೆ, ಅಜ್ಜಿಯ ಸ್ನಾನ ಮುಗಿಯುವುದಕ್ಕೆ ಮುಂಚೆಯೇ, ಹುಡುಗಿ ಹೋಗಿಬಿಟ್ಟಳು. ಮಣೆಯ ಮೇಲೆ ನಾನು ಒಂದು ತುಂಡು ಕಡಿಮೆಯಾಗಿ ಬಿದ್ದಿದ್ದೆ. ಆ ತುಂಡು ಅಳುತ್ತಿದ್ದ ಅಜ್ಜಿಯ ಸೆರಗಿನಲ್ಲೇ ಇತ್ತು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ತುಂಗಮ್ಮ ನನ್ನನ್ನು ನಡುಮನೆಯಲ್ಲಿ ಹರಡಿಕೊಂಡು ಕೂತರು. ಆಕೆಗೆ ಜೋಡಿಸಲು ಬಾರದು. ಆಕಾಶದ ತುಂಡನ್ನು ಕೊಳಕ್ಕೆ ತುರುಕುವರು, ಬೈದುಕೊಳ್ಳುವರು, ಕಣ್ಣೊರೆಸಿಕೊಳ್ಳುವರು. ನಾಲ್ಕು ದಿನ ಹಿಡಿಯಿತು. ಕೊನೆಗೆ ಗಂಟು ಬಿಚ್ಚಿ ಪಾದವನ್ನು ಕೂರಿಸಿದರು. ಆ ಸಂಜೆ ಅದನ್ನು ಕೀಳಲಿಲ್ಲ. ದೀಪ ಹಚ್ಚಿದರು, ಎದ್ದು ಹೋಗಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟರು.

ಆ ಹೊತ್ತಿನಲ್ಲಿ ಮುಂಬಾಗಿಲು ತೆರೆದಿರಬೇಕು, ಹಿತ್ತಿಲದು ಮುಚ್ಚಿರಬೇಕು. ಅದು ಸಣ್ಣ ಮಕ್ಕಳಿಗೂ ಗೊತ್ತು. ಚಾರುಮತಿಯ ತಾಯಿ ವನಮಾಲಾ ಒಳಗಿನಿಂದ ಬಂದಳು.

"ಇದೇನತ್ತೆ, ದೀಪ ಹಚ್ಚಿದ ಮೇಲೆ ಹಿತ್ತಿಲ ಬಾಗಿಲು ತೆಗೆದಿದೀರಿ? ಲಕ್ಷ್ಮಿ ಹೊರಟುಹೋಗ್ತಾಳೆ."

"ಹೋದ್ರೆ ಹೋಗ್ಲಿ. ಮುಂದ್ಗಡೆ ದೇವರ ದೀಪ ಇದೆ. ಹೋದೋರು ಆ ಕಡೆಯಿಂದ ಬರಕ್ಕಾಗಲ್ಲ."

ವನಮಾಲಾ ನನ್ನನ್ನು ನೋಡಿದಳು. ಪಾದ ನೋಡಿದಳು. "ಇವಳು ಬರಬಾರದು ಅಂತ ತಾನೇ ಇಷ್ಟು ದಿನ ಕೀಳ್ತಾ ಇದ್ರಿ?"

"ಈಗ ಬರೋಳು ನಮ್ಮೋಳಲ್ವೇನೆ? ಬಂದು ಒಂದ್ಸಲ ಕುಣಿದು ಹೋಗ್ಲಿ. ಇದ್ದಾಗ ನಾನು ಬಿಡಲಿಲ್ಲ."

ವನಮಾಲಾ ಬಾಗಿಲು ಮುಚ್ಚಲಿಲ್ಲ. ಅತ್ತೆಯ ಪಕ್ಕದಲ್ಲಿ ಕೂತಳು. ಹಿತ್ತಿಲಿಂದ ಗಾಳಿ ಬಂದು ದೀಪ ಅಲುಗಿದಾಗ ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಗಾಳಿಯೇ ಬಂದಿತ್ತು, ಬೇರೇನೂ ಇಲ್ಲ. ದೆವ್ವವಾಗಿ ಹುಟ್ಟಲಿಲ್ಲವಲ್ಲ ಎಂದು ನಾನು ಸಂಕಟಪಟ್ಟದ್ದು ಅವತ್ತು. ಅಂಥ ಸಂಜೆಗಳು ಒಂಬತ್ತು ವರ್ಷ ನಡೆದವು. ಆಮೇಲೆ ತುಂಗಮ್ಮನೂ ಹೋದರು.

ಮನೆ ಖಾಲಿ ಮಾಡುವಾಗ ವನಮಾಲಾ ನನ್ನನ್ನು ಬಡಾವಣೆಯ ಮಕ್ಕಳ ಗ್ರಂಥಾಲಯಕ್ಕೆ ಕೊಟ್ಟಳು. "ತುಂಡು ಎಲ್ಲಾ ಸರಿಯಾಗಿದೆ. ಸಂಜೆ ಮಾತ್ರ ಬಿಚ್ಚಿಡಬೇಡಿ," ಎಂದಳು. ತುಂಡು ಕಳೆದುಹೋದಾವೆಂದು ಹೇಳಿದಳೆಂದುಕೊಂಡು ಗ್ರಂಥಪಾಲಕರು ತಲೆಯಾಡಿಸಿದರು.

ಈಗ ನನ್ನ ಅಂಚುಗಳು ಪುಡಿಯೇಳುತ್ತಿವೆ, ಕೊಳದ ನೀಲಿ ಮಾಸಿದೆ. ಮಕ್ಕಳು ಜೋಡಿಸಿ ಮನೆಗೆ ಓಡುತ್ತಾರೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಒಬ್ಬನೇ ಉಳಿಯುತ್ತೇನೆ. ನನ್ನೊಳಗೆ ಯಾರೂ ಇಲ್ಲವೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು? ಆದರೂ ಬೀದಿಯ ಮನೆಗಳಲ್ಲಿ ದೀಪ ಹತ್ತುವ ಹೊತ್ತಿಗೆ ನಾನು ಉಸಿರು ಬಿಗಿಹಿಡಿದು ಮಲಗಿರುತ್ತೇನೆ. ಹುಡುಗಿ ಬಂದೇಬಿಟ್ಟರೆ ಒಂದು ತುಂಡೂ ಕಡಿಮೆಯಿರಬಾರದು.