ಅಪ್ಪನಿಗೂ ಕಾಯದ ಹಡಗು

ದೊಡ್ಡ ಮಗಳು ಹಡಗಿನ ಕ್ಯಾಪ್ಟನ್ ಆದಳೆಂಬ ಸುದ್ದಿ ಬಂದಾಗಿನಿಂದ ಅಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೊಣಕಾಲು ನೋವಿದ್ದವರಿಗೆ ಅದೇ ವಾಸಿ ಎಂದು ಅಮ್ಮ ನಗುತ್ತಿದ್ದಳು. ದೂರದ ಬಂದರೊಂದರಿಂದ ಮಗಳು ಮೊದಲ ಸಲ ತಾನೇ ಯಜಮಾನಿಯಾಗಿ ಸರಕಿನ ಹಡಗು ಹೊರಡಿಸುವುದಿತ್ತು. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದ ಅಪ್ಪನಿಗೆ ದಡದಲ್ಲಿ ನಿಂತು ಅದನ್ನು ಕಣ್ಣಾರೆ ನೋಡಬೇಕೆಂಬ ಒಂದೇ ಆಸೆ.

ಟಿಕೆಟ್ ಮಾಡಿಸುವ ಕೆಲಸ ಕಿರಿಯವಳ ಪಾಲಿಗೆ ಬಂತು. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂಥ ಹುಡುಗಿ. ಆದರೆ ಫೋನು ಕೈಯಲ್ಲಿದ್ದರೆ ಬೆರಳಿಗೆ ನಾಚಿಕೆ ಇರಲಿಲ್ಲ.

"ನಡುವೆ ವಿಮಾನ ಬದಲಿಸಬೇಕು ಅಪ್ಪಾ. ಒಂದು ಟಿಕೆಟ್‌ನಲ್ಲಿ ಒಂದು ಗಂಟೆ ಸಿಗುತ್ತೆ, ಇನ್ನೊಂದರಲ್ಲಿ ಅರ್ಧ ದಿನ."

"ಒಂದು ಗಂಟೇದೇ ಮಾಡು. ಅರ್ಧ ದಿನ ಅಲ್ಲಿ ಕೂತು ನೊಣ ಹೊಡೀಬೇಕಾ?"

"ಮೊದಲನೇದು ತಡ ಆದ್ರೆ..."

"ತಡ ಆದ್ರೆ ಕಾಯ್ತಾರೆ ಬಿಡೇ. ಪೈಲಟ್ ಅಂದ್ರೆ ಯಾರು? ಅವನೂ ಡ್ರೈವರ್ರೇ. ಹಿಂದಿನ ಗಾಡಿ ಬರ್ತಾ ಇದೆ ಅಂತ ಗೊತ್ತಿದ್ದೂ ಜನರನ್ನ ಬಿಟ್ಟು ಹೋಗ್ತಾನಾ?"

ಅಪ್ಪ ಸುಮ್ಮನೆ ಹೇಳಿದ್ದಲ್ಲ. ಅವರ ರೂಟಿನಲ್ಲಿ ನಡೆದು ಬಂದ ಪದ್ಧತಿಯೇ ಹಾಗಿತ್ತು. ಅವರ ಬಸ್ಸು ತಡವಾದ ದಿನ, ಮುಂದಿನ ಊರಿನ ಕೊನೆಯ ಬಸ್ಸು ನಿಲ್ದಾಣದಲ್ಲಿ ಎಂಜಿನ್ ಗುರುಗುಟ್ಟಿಸುತ್ತಾ ಕಾಯುತ್ತಿತ್ತು. ಅಪ್ಪ ತಿರುವಿನಿಂದಲೇ ಉದ್ದಕ್ಕೆ ಹಾರ್ನ್ ಒತ್ತಿದರೆ ಸಾಕು. ಅಪ್ಪನೂ ಬೇರೆಯವರಿಗಾಗಿ ಹಾಗೆ ಕಾದವರೇ.

"ಆಕಾಶದಲ್ಲೂ ಕಿಟಕಿಯಿಂದ ಕೈ ಹಾಕಿ ಹಾರ್ನ್ ಹೊಡೀತೀರಾ?" ಎಂದಳು ಅಮ್ಮ.

"ನೀನು ಸುಮ್ನಿರು. ಗಾಡಿ ವಿಷಯ ನಿನಗೇನು ಗೊತ್ತು?"

ಎರಡೂ ವಿಮಾನ ಬೇರೆ ಬೇರೆ ಕಂಪನಿಯವು. ನಡುವೆ ಇಳಿದು, ಪೆಟ್ಟಿಗೆ ಬರುವ ತನಕ ನಿಂತು, ಅದನ್ನು ಹೊತ್ತು ಮತ್ತೆ ಹೊಸದಾಗಿ ಸಾಲು ಹಿಡಿಯಬೇಕು. ಅದೂ ಅಪ್ಪನ ಮೊಣಕಾಲಿನ ನಡಿಗೆಯಲ್ಲಿ. ಎರಡನೆಯದು ತಪ್ಪಿದರೆ ಮುಂದಿನ ವಿಮಾನ ಮರುದಿನವೇ, ಅಷ್ಟರಲ್ಲಿ ಅಕ್ಕ ನಡುಕಡಲಲ್ಲಿ. ಇದನ್ನೆಲ್ಲ ಕಿರಿಯವಳು ಪಾತ್ರೆ ತೊಳೆಯುತ್ತಾ ಒಳಗೊಳಗೇ ಚೆನ್ನಾಗಿ ಹೇಳಿಕೊಂಡಳು. ಅಪ್ಪನ ಎದುರು ಬಂದು ನಿಂತಾಗ ಮಾತ್ರ ಕಾಫಿ ಬೇಕಾ ಎಂದಷ್ಟೇ ಕೇಳಿದಳು. ಕೊನೆಗೆ ಅಕ್ಕನಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ, ಅಪ್ಪನ ಕುರ್ಚಿಯ ತೋಳಿನ ಮೇಲಿಟ್ಟಳು.

"ಅಕ್ಕಾ, ಅಪ್ಪ ಬರೋದು ಸ್ವಲ್ಪ ತಡ ಆದ್ರೆ ನಿನ್ನ ಹಡಗು ಕಾಯುತ್ತಾ?"

"ಇಲ್ಲ ಕಣೇ. ಉಬ್ಬರ ಇಳಿಯೋದ್ರೊಳಗೆ ಹೊರಡ್ಬೇಕು. ಇಲ್ದಿದ್ರೆ ತಳ ನೆಲಕ್ಕೆ ತಾಗುತ್ತೆ."

ಅಪ್ಪ ಫೋನಿನತ್ತ ಬಾಗಿದರು. "ನಿಮ್ಮಪ್ಪನಿಗೂ ಕಾಯಲ್ವೇನೇ?"

"ಕಾಯಲ್ಲ ಅಪ್ಪಾ. ಹೊರಟ ಮೇಲೆ ಅಳ್ತೀನಿ. ಆದ್ರೆ ಹೊರಡ್ತೀನಿ."

ಅಪ್ಪ ಎದ್ದು, ಕುಂಟುತ್ತಾ ಹೊರಗೆ ಮೆಟ್ಟಿಲಿಗೆ ಹೋದರು. ಹಿರಿಯ ಜೀವದ ಮನಸ್ಸು ನೋಯಿಸಿದೆನಲ್ಲಾ ಎಂದು ಕಿರಿಯವಳು ಬಾಗಿಲವರೆಗೆ ಹಿಂದೆಯೇ ಹೋದಳು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಅಪ್ಪನ ದನಿ ಕೇಳಿತು. ಕೆಳಮನೆಯ ಎಲೆಕ್ಟ್ರಿಷಿಯನ್ ಸಿಕ್ಕಿಬಿದ್ದಿದ್ದ.

"ಕೇಳಿದ್ಯೇನಪ್ಪಾ? ಹೆತ್ತ ಅಪ್ಪನಿಗೂ ಹಡಗು ನಿಲ್ಲಿಸಲ್ಲ ಅಂದ್ಲು ನನ್ನ ಮಗಳು! ಮುಖಕ್ಕೆ ಹೊಡೆದ ಹಾಗೆ ಅಂದ್ಲು! ಕ್ಯಾಪ್ಟನ್ ಅಂದ್ರೆ ಅದು!"

ಒಳಗೆ ಬಂದವರೇ, "ಅರ್ಧ ದಿನದ್ದೇ ಮಾಡು. ಸಾಲದು ಅನ್ಸಿದ್ರೆ ಹಿಂದಿನ ದಿನಾನೇ ಹೊರಟುಬಿಡೋಣ" ಎಂದರು.

ಹೊರಟ ದಿನ ನೋಡಿದರೆ, ಮೊದಲ ವಿಮಾನ ಹೇಳಿದ ಹೊತ್ತಿಗಿಂತ ಮುಂಚೆಯೇ ಇಳಿಯಿತು. ಪೆಟ್ಟಿಗೆಗಳೂ ನಾ ಮುಂದೆ ತಾ ಮುಂದೆ ಎಂದು ಬಂದವು. ಒಂದು ಗಂಟೆಯೇ ಸಾಕಿತ್ತು, ಇನ್ನು ಬೈಗುಳ ಗ್ಯಾರಂಟಿ ಎಂದು ಕಿರಿಯವಳು ಅಮ್ಮನ ಬೆನ್ನ ಹಿಂದೆ ಕುಳಿತಳು. ಆದರೆ ಅಪ್ಪನಿಗೆ ಬಿಡುವೆಲ್ಲಿ? ಪಕ್ಕದಲ್ಲಿ ತೂಕಡಿಸುತ್ತಿದ್ದವರನ್ನು ಎಬ್ಬಿಸಿ ಹಡಗಿನ ಕಥೆ ಹೇಳಿದರು. ಅವರು ಎದ್ದು ಹೋದರೆ ಆ ಕುರ್ಚಿಗೆ ಬಂದವರಿಗೆ ಮೊದಲಿನಿಂದ ಹೇಳಿದರು. ಸಂಜೆಯ ಹೊತ್ತಿಗೆ ಆ ಸಾಲಿನಲ್ಲಿ ಕೇಳದೆ ಉಳಿದವರಿರಲಿಲ್ಲ.

"ಈ ಟಿಕೆಟ್ ಮಾಡಿಸಿದ್ದು ನನ್ನ ಕಿರಿಮಗಳು. ಬಾಯಿ ಕಮ್ಮಿ, ತಲೆ ಜಾಸ್ತಿ" ಎಂದೂ ಸೇರಿಸಿದರು. ಅವಳು ತನ್ನ ಕಾಲ್ಬೆರಳು ನೋಡುತ್ತಾ ಕುಳಿತಳು. ಆ ಮಾತು ಇನ್ನೊಬ್ಬರ ಮುಂದೆ ಮತ್ತೆ ಬರುತ್ತದೆಂದು ಗೊತ್ತಿದ್ದುದರಿಂದ, ಅದು ತಪ್ಪಿಹೋದೀತೆಂದು ನೀರು ತರಲೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಬಂದರಿನ ಕಟ್ಟೆಯ ಮೇಲೆ ನಿಂತಿದ್ದರು. ತೋಳಿನಷ್ಟು ದಪ್ಪದ ಹಗ್ಗಗಳನ್ನು ಬಿಚ್ಚಿದರು. ಎತ್ತರದಲ್ಲಿ ಬಿಳಿ ಅಂಗಿ ತೊಟ್ಟ ಅಕ್ಕ ಕಾಣಿಸಿದಳು. ಅವಳ ಕಣ್ಣೆಲ್ಲ ಮುಂದಿನ ಕಡಲಿನ ಮೇಲೆ.

"ಒಂದ್ಸಲ ಈ ಕಡೆ ನೋಡಬಾರದಾ?" ಎಂದಳು ಅಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.

"ಗಾಡಿ ತೆಗೆಯುವಾಗ ನೆಂಟರ ಮುಖ ನೋಡ್ತಾರೇನೇ?" ಎಂದು ಅಪ್ಪ ಗದರಿದರು.

ಕಟ್ಟೆಗೂ ಹಡಗಿಗೂ ನಡುವೆ ನೀರು ಕಾಣಿಸಿತು. ಮೊದಲು ಗೇಣಗಲ, ಆಮೇಲೆ ಮಾರಗಲ. ಅಪ್ಪ ಮೊಣಕಾಲು ಮರೆತು ನೆಟ್ಟಗೆ ನಿಂತರು. ಕಂಡಕ್ಟರು ಬಸ್ಸಿನ ಮೈ ತಟ್ಟುವ ಹಾಗೆ ಪಕ್ಕದ ಕಬ್ಬಿಣದ ಕಂಬವನ್ನು ಎರಡು ಸಲ ತಟ್ಟಿ, ಇಷ್ಟು ವರ್ಷ ಬೇರೆಯವರ ಬಾಯಿಂದ ಕೇಳಿದ್ದ ಮಾತನ್ನು ತಾವೇ ಹೇಳಿದರು:

"ರೈಟ್, ರೈಟ್!"