ಮದ್ದಿಲ್ಲದ ತೋಟಾದ ವೇಗ

ನನ್ನ ಗಂಡ ಆರ್ವಿಡ್ ಹೌಗನ್ ಜೀವಮಾನವಿಡೀ ಊರಿನ ಔಷಧದಂಗಡಿಯಲ್ಲಿ ಮಾತ್ರೆ ಎಣಿಸಿದವನು. ನಿವೃತ್ತನಾದ ಮೇಲೆ ಆ ಚಟ ಮನೆಯ ಗ್ಯಾರೇಜಿಗೆ ಬಂತು. ಅಲ್ಲಿ ಕುಳಿತು ಖಾಲಿಯಾದ ತೋಟಾಗಳಿಗೆ ಮತ್ತೆ ಮದ್ದು ತುಂಬುತ್ತಾನೆ. ತಕ್ಕಡಿಯಲ್ಲಿ ಒಂದು ಹರಳು ಮದ್ದು ಹೆಚ್ಚಾದರೂ ಚಿಮುಟದಿಂದ ಎತ್ತಿ ಡಬ್ಬಿಗೆ ವಾಪಸು ಹಾಕುತ್ತಾನೆ. ನಾನು ಸೂಪಿಗೆ ಉಪ್ಪು ಹಾಕುವಾಗ ಹಿಂದೆ ನಿಂತು "ಎಷ್ಟು ಹಾಕ್ದೆ?" ಎಂದು ಕೇಳುವ ಗಂಡಸು. "ಸಾಕಾಗೋಷ್ಟು" ಎಂದರೆ ಮುಗಿಯಿತು, ಅವತ್ತಿನ ಊಟ ಅವನಿಗೆ ಸೇರುವುದಿಲ್ಲ.

ನಾನು ಮರ್ನಾ. ಮೊಂಟಾನಾದ ಹಿಮದ ರಸ್ತೆಗಳಲ್ಲಿ ಸ್ಕೂಲ್ ಬಸ್ ಓಡಿಸಿದವಳು, ಬಾಯಿ ಸ್ವಲ್ಪ ಜೋರು. ನಮ್ಮ ಮನೆಯಲ್ಲಿ ಮದ್ದು ಅವನದು, ಗುರಿ ನನ್ನದು. ಬೇಟೆಗೆ ಹೋದರೆ ಟ್ರಿಗರ್ ಎಳೆಯುವವಳು ನಾನೇ. ಇದರಲ್ಲಿ ಜಂಬವೇನಿಲ್ಲ, ಊರಲ್ಲಿ ಯಾರನ್ನು ಬೇಕಾದರೂ ಕೇಳಿ.

ಹಾಗಿದ್ದವಳು ಹೋದ ಚಳಿಗಾಲದಲ್ಲಿ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ. ಬಲಭುಜ ಕೈಕೊಟ್ಟಿತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ಕೈ ಜೋಳಿಗೆಯಲ್ಲಿತ್ತು. ಅಷ್ಟರಲ್ಲಿ ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ಮದುವೆಯಾದ ವರ್ಷದಿಂದ ನಾನು ಅರ್ಜಿ ಹಾಕುತ್ತಲೇ ಬಂದಿದ್ದ, ಚೀಟಿ ಎತ್ತಿ ಕೊಡುವ, ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯನ್ನು ಬೇಟೆಯಾಡುವ ಪರವಾನಗಿ ಈ ಸಲ ನನ್ನ ಹೆಸರಿಗೇ ಬಂದಿತ್ತು! ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಆಮೇಲೆ ಭುಜ ನೆನಪಾಗಿ ಕುರ್ಚಿಯಲ್ಲಿ ಕುಳಿತೆ.

ಡಾಕ್ಟರು ಹೇಳಿದ್ದು ಇಷ್ಟೇ: ಬಂದೂಕು ಹಿಡಿಯಬಹುದು, ಆದರೆ ಅದು ಜೋರಾಗಿ ಒದೆಯಬಾರದು. ಒದೆ ಕಡಿಮೆಯಾಗಬೇಕಾದರೆ ಮದ್ದು ಕಡಿಮೆ ಹಾಕಬೇಕು. ಮದ್ದು ಕಡಿಮೆಯಾದರೆ ಗುಂಡು ನಿಧಾನವಾಗುತ್ತದೆ. ನಾವು ಬಳಸುವ ತಾಮ್ರದ ಗುಂಡು ನಿಧಾನವಾದರೆ ಪ್ರಾಣಿಯ ಮೈಯೊಳಗೆ ಅರಳುವುದಿಲ್ಲ, ಹೆಣಿಗೆ ಸೂಜಿಯ ಹಾಗೆ ಆಚೆಗೆ ಹೋಗಿಬಿಡುತ್ತದೆ. ಎಲ್ಕ್ ಕುಂಟುತ್ತಾ ಪೊದೆ ಸೇರಿ ನರಳಿ ಸಾಯುತ್ತದೆ. ಅಂಥ ಪಾಪ ನಮ್ಮಿಬ್ಬರಿಗೂ ಬೇಡ. ನಾವು ಕಾಯುವ ಬಂಡೆಯಿಂದ ಹುಲ್ಲುಗಾವಲಿನ ಆಚೆಯಂಚಿಗೆ ಇರುವ ದೂರವನ್ನು ಲೆಕ್ಕ ಹಾಕಿ ಆರ್ವಿಡ್ ಗೆರೆ ಎಳೆದ: ನಳಿಗೆ ಬಿಡುವಾಗ ಗುಂಡಿಗೆ ಸೆಕೆಂಡಿಗೆ ಎರಡು ಸಾವಿರದ ಐನೂರು ಅಡಿ ವೇಗ ಇರಲೇಬೇಕು.

"ಎರಡು ಸಾವಿರದ ನಾನೂರ ತೊಂಬತ್ತು ಬಂದ್ರೆ?" ಎಂದು ಕೇಳಿದೆ.

"ಮನೇಲಿ ಕೂತು ಚೆರ್ರಿ ಪೈ ಮಾಡು," ಎಂದ.

ಹೀಗೆ ಸೆಪ್ಟೆಂಬರಿನ ಒಂದು ಶನಿವಾರ ಬೆಳಗ್ಗೆ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಊರಾಚೆಯ ಶೂಟಿಂಗ್ ಮೈದಾನಕ್ಕೆ ಹೋದೆವು. ನನ್ನ ಮೈದುನ ಲೈಲ್ ಆಗಲೇ ಅಲ್ಲಿದ್ದ. ಅವನ ಹೊಸ ಆಟಿಕೆ ಬಂದಿತ್ತು, ಗುಂಡಿನ ವೇಗ ಅಳೆಯುವ ರಾಡಾರ್ ಪೆಟ್ಟಿಗೆ. ಸೋಪಿನ ಪೊಟ್ಟಣದಷ್ಟಿರುವ ಅದನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಗುರಿಯ ಕಡೆಗೆ ಮುಖ ಮಾಡಿ ಇಟ್ಟರೆ ಸಾಕು, ಗುಂಡು ಹಾರಿದ ಕೂಡಲೇ ಸಂಖ್ಯೆ ಮೂಡುತ್ತದೆ.

"ಬಾ ಅತ್ತಿಗೆ, ಬಾ! ಭುಜ ಹೆಂಗಿದೆ? ನೋಡು, ಇಬ್ಬರ ಟೇಬಲ್‌ಗೂ ನಡುವೆ ಇಟ್ಟಿದ್ದೀನಿ. ನಿಂಗೂ ಕಾಣುತ್ತೆ, ನಂಗೂ ಕಾಣುತ್ತೆ."

"ನಿಂಗ್ಯಾಕೋ? ನಿನ್ನ ಫಿರಂಗಿಯ ವೇಗ ಊರಿಗೇ ಬಾಯಿಪಾಠ ಆಗಿದೆಯಲ್ಲ!"

"ಮೂರು ಸಾವಿರದ ನೂರು!" ಎಂದು ಲೈಲ್ ಎದೆ ಉಬ್ಬಿಸಿದ. ಅವನ ಬಂದೂಕು ನಿಜಕ್ಕೂ ಫಿರಂಗಿಯೇ. ಒದೆ ತಡೆಯಲೆಂದು ನಳಿಗೆಯ ತುದಿಗೆ ಒಂದು ತೂತಿನ ಕೊಳವೆ ಹಾಕಿಸಿದ್ದಾನೆ. ಅದರಿಂದ ಅವನ ಭುಜಕ್ಕೆ ಸುಖ, ಅಕ್ಕಪಕ್ಕದವರಿಗೆ ಗ್ರಹಚಾರ. ಅವನು ಒಂದು ಗುಂಡು ಹಾರಿಸಿದರೆ ಪಕ್ಕದ ಟೇಬಲ್ಲಿನ ಮೇಲಿರುವ ಕಾಫಿ ಲೋಟ ನಡುಗುತ್ತದೆ.

ಮೈದಾನದ ಮೇಲ್ವಿಚಾರಣೆ ಟ್ವೈಲಾಳದು. ಕೆಂಪು ಜಾಕೆಟ್ಟು, ಚರ್ಚಿನ ಗಂಟೆಯಂಥ ಗಂಟಲು. ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ, ಹೊಡೆದವರು ತಮ್ಮ ಸಂಖ್ಯೆಯನ್ನು ತಾವೇ ಓದುವಂತಿಲ್ಲ. ಆಸೆ ಇದ್ದ ಕಣ್ಣಿಗೆ ಮೂರು ಎಂಟಾಗಿ ಕಾಣುತ್ತದೆ ಎನ್ನುವುದು ಹಳೆಯ ಅನುಭವ. ಹಾಗಾಗಿ ಟ್ವೈಲಾ ಬಂದು ರಾಡಾರಿನ ಹಿಂದೆ ನಿಂತಳು.

ಆರ್ವಿಡ್ ಎರಡು ಬಗೆಯ ತೋಟಾ ತಂದಿದ್ದ. ಬುಡಕ್ಕೆ ನೀಲಿ ಬಣ್ಣ ಹಚ್ಚಿದ್ದು ಮೆತ್ತಗಿನದು, ಕೆಂಪು ಹಚ್ಚಿದ್ದು ಜೋರಿನದು. ಇವುಗಳ ನಡುವೆ ನನಗೆ ತಿಳಿಯದಂತೆ ಒಂದೆರಡು ಹುಸಿ ತೋಟಾಗಳನ್ನೂ ಸೇರಿಸುತ್ತಾನೆ. ತುದಿಯಲ್ಲಿ ಗುಂಡಿದೆ, ಹೊಟ್ಟೆಯಲ್ಲಿ ಮದ್ದಿಲ್ಲ. ಹೊಡೆಯುವವರು ಒದೆಗೆ ಹೆದರುತ್ತಾರೋ ಇಲ್ಲವೋ ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಯಾವುದು ಅಸಲಿ, ಯಾವುದು ಹುಸಿ ಎಂದು ನನಗೆ ಗೊತ್ತಾಗಬಾರದೆಂದು ಬಂದೂಕಿಗೆ ತುಂಬುವವನೂ ಅವನೇ, ತೆಗೆಯುವವನೂ ಅವನೇ.

ಮೊದಲನೆಯದಕ್ಕೇ ಸಿಕ್ಕಿಬಿದ್ದೆ. ಉಸಿರು ಹಿಡಿದು ಟ್ರಿಗರ್ ಎಳೆದರೆ 'ಟಿಕ್' ಎಂದಿತು, ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ನನ್ನ ನಳಿಗೆ ಮಾತ್ರ ಮೂಗು ನೆಲಕ್ಕೆ ಚುಚ್ಚಿತ್ತು, ನನ್ನ ಕಣ್ಣೆರಡೂ ಗಟ್ಟಿಯಾಗಿ ಮುಚ್ಚಿದ್ದವು.

"ಅತ್ತಿಗೆ ಇಲಿ ಹೊಡೀತಿದ್ದಾಳೆ ಕಣೋ ಅಣ್ಣ!" ಎಂದು ಲೈಲ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದೆ. ಬೈದೆನೇ ಹೊರತು ನನಗೆ ಅಳು ಬಂದಿತ್ತು. ಭುಜ ವಾಸಿಯಾಗಿತ್ತು, ಅದು ನನಗೂ ಗೊತ್ತಿತ್ತು. ಆದರೂ ಬೆರಳು ಟ್ರಿಗರ್ ಮುಟ್ಟಿದ ಕೂಡಲೇ ಮೈ ತನ್ನಷ್ಟಕ್ಕೆ ಮುದುಡುತ್ತಿತ್ತು. ನಾನು ಹೇಳಿದ ಮಾತನ್ನು ನನ್ನ ಮೈಯೇ ಕೇಳದಿರುವುದು ಅದೇ ಮೊದಲು.

ನೀಲಿಯವನ್ನು ಹೊಡೆದೆ. "ಎರಡು ಸಾವಿರದ ಮುನ್ನೂರ ಹತ್ತು!" ಎಂದು ಟ್ವೈಲಾ ಕೂಗಿದಳು. ಇನ್ನೊಂದು. "ಎರಡು ಸಾವಿರದ ಮುನ್ನೂರ ಆರು!" ವೇಗವೂ ಸಾಲದು, ಗುರಿಯೂ ಇಲ್ಲ. ಕಾಗದದ ಮೇಲೆ ತೂತುಗಳು ಜಗಳವಾಡಿದ ನೆಂಟರಂತೆ ದೂರ ದೂರ ಕುಳಿತಿದ್ದವು.

"ಕೆಂಪಿನದು ಕೊಡ್ಲಾ?" ಎಂದ ಆರ್ವಿಡ್.

"ಬೇಡ."

"ಕೊಡ್ತೀನಿ ಕಣೇ."

"ಬೇಡ ಅಂದ್ನಲ್ಲ! ಮೆತ್ತಗಿಂದಕ್ಕೇ ಹಿಂಗಾಡ್ತಿದ್ದೀನಿ, ಅದು ನನ್ನ ಭುಜ ಕಿತ್ತು ಪಕ್ಕದ ಜಿಲ್ಲೆಗೆ ಎಸೆಯುತ್ತೆ. ಚೀಟಿ ಹಾಳಾಗಿ ಹೋಗ್ಲಿ. ಮನೆಗೆ ನಡಿ."

ಅವನು ಬೆನ್ನು ತಿರುಗಿಸಿ ಪೆಟ್ಟಿಗೆಯಿಂದ ಒಂದು ತೋಟಾ ತೆಗೆದು ಬಂದೂಕಿಗೆ ತುಂಬಿದ. "ಇದೊಂದು ಹೊಡಿ. ಆಮೇಲೆ ಹೋಗೋಣ."

ಕೋಪದಲ್ಲಿ ಗುರಿ ಹಿಡಿದೆ. ಅತ್ತ ಲೈಲ್ ಕೂಡ ಅವತ್ತಿನ ತನ್ನ ಮೊದಲ ಗುಂಡಿಗೆ ಫಿರಂಗಿಯ ಹಿಂದೆ ಕುಳಿತಿದ್ದನಂತೆ, ನಾನು ನೋಡಲಿಲ್ಲ. ಟ್ರಿಗರ್ ಎಳೆದೆ. ಢಮಾರ್! ಟೇಬಲ್ ಅಲುಗಿತು, ನನ್ನ ಟೊಪ್ಪಿ ಹಾರಿತು, ಎದೆಯೊಳಗೆ ಡೋಲು ಬಡಿದಂತಾಯಿತು. ಕಣ್ಣು ಬಿಟ್ಟೆ.

"ಎರಡು ಸಾವಿರದ ಒಂಬೈನೂರ ಮೂವತ್ತೆಂಟು!" ಟ್ವೈಲಾ ಕಿರುಚಿದಳು. "ಮರ್ನಾ! ಏನೇ ಇದು!"

ನಾನು ಭುಜ ಮುಟ್ಟಿ ನೋಡಿಕೊಂಡೆ. ಅದು ಅಲ್ಲೇ ಇತ್ತು. ನೋವಿಲ್ಲ. ಚೂರೂ ನೋವಿಲ್ಲ!

"ಆರ್ವಿಡ್! ನೀನು ಮೋಸಗಾರ! ಕೆಂಪಿನದು ಹಾಕಿಬಿಟ್ಟೆ ಅಲ್ವಾ?"

ಅವನು ಆಗಲೇ ಬಂದೂಕು ತೆರೆದು ತೋಟಾವನ್ನು ಅಂಗಿಯ ಜೇಬಿಗೆ ಸೇರಿಸಿದ್ದ. "ಹೂಂ" ಎಂದ. ಹೌದು ಎಂದೋ ಇಲ್ಲ ಎಂದೋ ಗೊತ್ತಾಗದ ಒಂದು ಹೂಂ.

"ಅಷ್ಟು ವೇಗದ್ದು ಹೊಡೆದ್ರೂ ನೋಯಲಿಲ್ಲ ಕಣೋ! ಸೊಳ್ಳೆ ಕಚ್ಚಿದಷ್ಟೂ ಇಲ್ಲ! ಕೊಡು ಇನ್ನೊಂದು. ಏನು ನೋಡ್ತಿದ್ದೀಯ? ಕೊಡು ಅಂದ್ರೆ!"

ಕೊಟ್ಟ. ಹೊಡೆದೆ. ಈ ಸಲ ಬಂದೂಕು ಭುಜಕ್ಕೆ ಒಂದು ಗುದ್ದು ಕೊಟ್ಟಿತು. ಹಳೆಯ ಗೆಳತಿ ಬೆನ್ನು ತಟ್ಟಿದಂತಿತ್ತು, ಅಷ್ಟೇ. "ಎರಡು ಸಾವಿರದ ಐನೂರ ಇಪ್ಪತ್ತಾರು!" ಇನ್ನೊಂದು. "ಐನೂರ ಇಪ್ಪತ್ತೊಂದು!" ಮತ್ತೂ ಒಂದು. "ಐನೂರ ಇಪ್ಪತ್ತನಾಲ್ಕು!" ದುರ್ಬೀನಿನಲ್ಲಿ ನೋಡಿದರೆ ಮೂರು ತೂತುಗಳೂ ಒಂದು ಬಿಸ್ಕತ್ತಿನ ಅಡಿ ಮುಚ್ಚಿಹೋಗುವಷ್ಟು ಹತ್ತಿರ ಇದ್ದವು. ನಾನು ಟ್ವೈಲಾಳನ್ನು ತಬ್ಬಿಕೊಂಡು ಅಲ್ಲೇ ಗಿರಗಿರನೆ ತಿರುಗಿದೆ.

ಲೈಲ್ ಮಾತ್ರ ಹುಬ್ಬು ಗಂಟಿಕ್ಕಿದ್ದ. "ತಡಿ ಅತ್ತಿಗೆ. ಅಣ್ಣ ತುಂಬಿದ ಮದ್ದು ಒಂದು ಸಲ ಒಂಬೈನೂರ ಚಿಲ್ಲರೆ, ಇನ್ನೊಂದು ಸಲ ಐನೂರ ಚಿಲ್ಲರೆ ಬರುತ್ತಾ? ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ರೂ ಅದು ಆಗಲ್ಲ. ನನ್ನ ರಾಡಾರಿಗೇ ಏನೋ ಹುಚ್ಚು ಹಿಡಿದಿದೆ. ಇರಿ, ನನ್ನ ಬಂದೂಕಲ್ಲಿ ನೋಡ್ತೀನಿ. ಇದು ಮೂರು ಸಾವಿರದ ನೂರು ತೋರಿಸ್ಬೇಕು."

ಹೋಗಿ ಫಿರಂಗಿ ಹಾರಿಸಿದ. ಲೋಟ ನಡುಗಿತು. ಟ್ವೈಲಾ ಬಾಗಿ ನೋಡಿದಳು, ಮತ್ತೆ ನೋಡಿದಳು, ಈ ಸಲ ಮೆಲ್ಲಗೆ ಓದಿದಳು. "ಎರಡು ಸಾವಿರದ ಒಂಬೈನೂರ ಮೂವತ್ತೈದು."

ಎಲ್ಲರ ಕಣ್ಣೂ ರಾಡಾರಿನ ಮೇಲೆ, ಅದು ನಿಂತ ಜಾಗದ ಮೇಲೆ ಹೋಯಿತು. ಎರಡು ಟೇಬಲ್ಲುಗಳ ನಟ್ಟನಡುವೆ, ಇಬ್ಬರಿಗೂ ಕಾಣಲಿ ಎಂದು ಲೈಲನೇ ಇಟ್ಟ ಜಾಗ. ಅದಕ್ಕೇನು ಗೊತ್ತು, ಯಾರ ಗುಂಡು ಯಾರದೆಂದು? ಮುಂದೆ ಹಾರಿದ್ದನ್ನು ಅಳೆಯುವುದಷ್ಟೇ ಅದರ ಕೆಲಸ.

"ಅಂದ್ರೆ ಆಗ ಇಬ್ರೂ ಒಟ್ಟಿಗೇ ಟ್ರಿಗರ್ ಎಳೆದ್ರಿ, ಅಳೆದದ್ದು ಲೈಲ್‌ದು!" ಟ್ವೈಲಾ ತೊಡೆ ತಟ್ಟಿಕೊಂಡಳು. "ಮೂರು ಸಾವಿರದ ನೂರಂತೆ! ಇಷ್ಟು ವರ್ಷ ನಮ್ಮ ಕಿವಿಗೆ ಹೂ ಇಟ್ಯಲ್ಲೋ!"

"ಗಾಳಿ ಎದುರಿದೆ," ಎಂದ ಲೈಲ್, ಮುಖ ಬೀಟ್‌ರೂಟಾಗಿತ್ತು.

ನನಗೆ ಮಾತ್ರ ಬೇರೊಂದು ವಿಷಯ ಕೊರೆಯುತ್ತಿತ್ತು. "ಅದು ಲೈಲ್‌ದಾದ್ರೆ ನಂದೆಲ್ಲಿ? ನಾನೂ ಹೊಡೆದ್ನಲ್ಲ?"

ಆರ್ವಿಡ್ ಅಂಗಿಯ ಜೇಬಿಗೆ ಕೈ ಹಾಕಿ ತೋಟಾ ತೆಗೆದು ಟೇಬಲ್ಲಿನ ಮೇಲೆ ನಿಲ್ಲಿಸಿದ. ಅದರ ತುದಿಯಲ್ಲಿ ತಾಮ್ರದ ಗುಂಡು ಹಾಗೇ ಹೊಳೆಯುತ್ತಾ ಕುಳಿತಿತ್ತು. ಹುಸಿ ತೋಟಾ. ನಾನು ಹೊಡೆದೇ ಇರಲಿಲ್ಲ; ಆಮೇಲಿನ ಮೂರೇ ನಿಜವಾದ ಕೆಂಪಿನವು. ಪಕ್ಕದವನ ಸದ್ದಿಗೆ ನನ್ನ ಟೊಪ್ಪಿ ಹಾರಿತ್ತು, ಪಕ್ಕದವನ ವೇಗಕ್ಕೆ ನಾನು ಕುಣಿದಿದ್ದೆ!

"ನಿಂಗೆ ಆಗಲೇ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಆಗ ನಳಿಗೆ ನೆಟ್ಟಗಿತ್ತಾ?"

"ಎಲ್ಲಿಂದ? ಮಣ್ಣು ಅಗೀತಿತ್ತು. ಹೇಳ್ಬೇಕು ಅಂತ ಬಾಯಿ ತೆಗೆದೆ, ಮರ್ನಾ. ಅಷ್ಟರಲ್ಲಿ ನಿನ್ನ ಮುಖ ನೋಡಿದೆ. ಬಿದ್ದ ಮೇಲೆ ಆ ಮುಖ ನೋಡೇ ಇರಲಿಲ್ಲ ನಾನು." ಅವನು ಕನ್ನಡಕ ತೆಗೆದು ಒರೆಸತೊಡಗಿದ. "ಸಂಖ್ಯೆ ತಪ್ಪಿತ್ತು. ಇರ್ಲಿ ಬಿಡು ಅಂತ ಬಿಟ್ಟೆ."

ಒಂದು ಹರಳು ಮದ್ದು ಹೆಚ್ಚಾದರೆ ನಿದ್ದೆ ಬಾರದ ಮನುಷ್ಯ. ನಮ್ಮ ಮದುವೆಯ ಕೇಕಿನ ತುಂಡುಗಳು ಸಮವಿಲ್ಲ ಎಂದು ಮತ್ತೆ ಕತ್ತರಿಸಿದವನು. ನನಗೋಸ್ಕರ ಅಷ್ಟು ದೊಡ್ಡ ತಪ್ಪು ಸಂಖ್ಯೆಯನ್ನು ತುಟಿಪಿಟಕ್ಕೆನ್ನದೆ ನುಂಗಿದ್ದ. ಎಲ್ಲರೆದುರೇ ಅವನ ಕೆನ್ನೆಗೆ ಮುತ್ತು ಕೊಟ್ಟೆ. ಲೈಲ್ ಆಕಾಶ ನೋಡಿದ.

"ಇನ್ನೊಂದ್ಸಲ ತುಂಬು," ಎಂದೆ. "ಹುಸಿ, ಅಸಲಿ ಎರಡೂ ಕಲಸಿ ತುಂಬು. ಈಗ ಗೊತ್ತಾಗಿದೆ ಅಂತ ಮೈ ಮತ್ತೆ ಮುದುಡುತ್ತೋ ಏನೋ ನೋಡೇಬಿಡೋಣ."

ನಳಿಗೆ ಚೂರು ಅಲುಗಿದರೂ ಬೀಳಲೆಂದು ಟ್ವೈಲಾ ಒಂದು ಖಾಲಿ ತೋಟಾವನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ ಹಿಂದೆ ಸರಿದಳು. ಲೈಲ್ ತನ್ನ ಫಿರಂಗಿಯಿಂದ ಕೈ ತೆಗೆದು ಉಸಿರು ಬಿಗಿಹಿಡಿದ. ನಾನು ಎರಡೂ ಕಣ್ಣು ತೆರೆದು ಟ್ರಿಗರ್ ಎಳೆದೆ. 'ಟಿಕ್.' ನಳಿಗೆಯ ಮೇಲಿನ ಖಾಲಿ ತೋಟಾ ಅಲುಗದೆ ನಿಂತಿತ್ತು. ನೊಣ ಬಂದು ಅದರ ಮೇಲೆ ಕೂತಿದ್ದರೂ ಹಾರುತ್ತಿರಲಿಲ್ಲ. ಮುಂದಿನದು ಅಸಲಿ, ನಡುಮಧ್ಯಕ್ಕೆ ಹೋಯಿತು. ಲೈಲ್ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದ, ಪಾಪ, ಅವನ ಮನಸ್ಸು ಒಳ್ಳೆಯದೇ.

ಅಕ್ಟೋಬರಿನಲ್ಲಿ ನಾವಿಬ್ಬರೂ ಬಂಡೆಯ ಹಿಂದೆ ಮಂಜಿನಲ್ಲಿ ಒರಗಿ ಕಾದೆವು. ಬಿಸಿಲೇರುವ ಹೊತ್ತಿಗೆ ಹುಲ್ಲುಗಾವಲಿನ ಆಚೆಯಂಚಿನಲ್ಲಿ ಒಂದು ಒಂಟಿ ಗಂಡು ಎಲ್ಕ್ ಪಕ್ಕೆ ತೋರಿಸಿ ನಿಂತಿತು. ಒಂದೇ ಗುಂಡು. ಅದು ನಿಂತಲ್ಲೇ ಮೊಣಕಾಲೂರಿ ಹುಲ್ಲಿನ ಮೇಲೆ ಒರಗಿತು, ನರಳಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಸಂತೋಷಕ್ಕೂ ಹೌದು, ಆ ಪ್ರಾಣಿಗೂ ಹೌದು. ಆರ್ವಿಡ್ ಅಭ್ಯಾಸಬಲದಿಂದ ಕೈ ಚಾಚಿ ನನ್ನ ಬಂದೂಕು ತೆರೆದ. ಹೊರಬಂದ ಬಿಸಿ ತೋಟಾವನ್ನು ಕನ್ನಡಕದ ಹತ್ತಿರ ಹಿಡಿದು, ಒಳಗೆ ಇಣುಕಿ, ಮೂಸಿಯೂ ನೋಡಿದ.

"ಇದರಲ್ಲಿ ಮದ್ದಿತ್ತು," ಎಂದು ಹೇಳಿ ಜೇಬಿಗೆ ಹಾಕಿಕೊಂಡ.